ಮೂಲೆಮನೆ ಅಕ್ಕಯ್ಯನ ಜಗಲಿ

ಕೋಲಾರದ ಮಾತೆತ್ತಿದರೆ ಓದಿದವರೆಲ್ಲ ಗಂಗರಿಂದ ಶುರು ಮಾಡುತ್ತಾರೆ. ರಾಜಧಾನಿ ಆಗಿತ್ತಂತೆ, ಆನೆ ಕುದುರೆ ಇದ್ದವಂತೆ. ಇರಬಹುದು. ನಾನು ಆ ಊರಿನ ಕೋಟೆಯೊಳಗೆ ಮದುವೆಯಾಗಿ ಬಂದವಳು, ಅಲ್ಲೇ ಮುದುಕಿಯಾದವಳು, ಒಬ್ಬ ರಾಜನನ್ನೂ ಕಾಣಲಿಲ್ಲ. ಕಂಡಿದ್ದು ಅವರು ಬಿಟ್ಟುಹೋದ ಕಲ್ಲು. ಒಂದರ ಮೇಲೆ ಬಟ್ಟೆ ಒಗೆದೆ, ಒಂದಕ್ಕೆ ಎಮ್ಮೆ ಕಟ್ಟಿದೆ, ಒಂದನ್ನು ಎಡವಿ ಕಾಲ್ಬೆರಳಿನ ಉಗುರು ಕಿತ್ತುಕೊಂಡೆ. ಹಳೇ ಊರಲ್ಲಿ ಬಾಳೋದು ಅಂದರೆ ಅದೇ. ಊರಿನ ದೊಡ್ಡವರ ಬಗ್ಗೆ ಏನಾದರೂ ಬರಿ ಅಂತ ಮೊಮ್ಮಗಳು ಗಂಟು ಬಿದ್ದಿದ್ದಾಳೆ. ನನಗೆ ಗೊತ್ತಿರುವ ದೊಡ್ಡವಳು ಒಬ್ಬಳೇ. ಅವಳು ಜಗಲಿಯ ಮೇಲೆ ಕೂತು ಊಟದೆಲೆ ಹಚ್ಚುತ್ತಿದ್ದಳು.

ಹೆಸರು ಬರೆಯುವುದಿಲ್ಲ. ಬೀದಿಯೆಲ್ಲ ಅವಳನ್ನು ಮೂಲೆಮನೆ ಅಕ್ಕಯ್ಯ ಅನ್ನುತ್ತಿತ್ತು, ಅಷ್ಟು ಸಾಕು. ನಮ್ಮ ಬೀದಿ ನೆಟ್ಟಗೆ ಬಂದು ಅವಳ ಮನೆ ಹತ್ತಿರ ಮೊಣಕೈ ಹಾಗೆ ಬಾಗುತ್ತಿತ್ತು. ಬಾಗಿದ ಜಾಗದಲ್ಲಿ ಮನೆ, ಮನೆ ಮುಂದೆ ಬೀದಿಗೆ ಚಾಚಿಕೊಂಡ ಜಗಲಿ. ಒಳಗೆ ಹಗಲಲ್ಲೂ ಕತ್ತಲೆ. ಅನ್ನ ಬೆಂದಿದೆಯೋ ಇಲ್ಲವೋ ಮುಟ್ಟಿಯೇ ನೋಡಬೇಕು. ಬೆಳಕಿದ್ದದ್ದು ಜಗಲಿಯ ಮೇಲೆ ಮಾತ್ರ. ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲಿ ಕೂತು, ಮುತ್ತುಗದ ಎಲೆಗೆ ನೀರು ಚಿಮುಕಿಸಿ ಮೆತ್ತಗೆ ಮಾಡಿ, ಒಂದರ ಅಂಚಿಗೆ ಇನ್ನೊಂದು ಇಟ್ಟು ಸಣ್ಣ ಕಡ್ಡಿ ಚುಚ್ಚಿ ಹಚ್ಚುತ್ತಿದ್ದಳು. ಮಾಲೂರು, ಶ್ರೀನಿವಾಸಪುರದಿಂದಲೂ ಮದುವೆ ಮನೆಯವರು ಅವಳ ಎಲೆ ಕೇಳಿಕೊಂಡು ಬರುತ್ತಿದ್ದರು. ಕಟ್ಟಿನ ಮೇಲೆ, ಕೆಳಗೆ ಒಳ್ಳೆ ಎಲೆ, ನಡುವೆ ನಾಲ್ಕು ಹರಕು. ಅದನ್ನೂ ಹೇಳಬೇಕು. ದೇವತೆಯೇನಲ್ಲ ಅವಳು.

ಕಡ್ಡಿಗಳನ್ನು ಹಲ್ಲಲ್ಲಿ ಕಚ್ಚಿಕೊಂಡಿರುತ್ತಿದ್ದಳು, ಐದಾರು ಒಟ್ಟಿಗೆ. ಮಾತಾಡುವಾಗಲೂ ತೆಗೆಯುತ್ತಿರಲಿಲ್ಲ. ಯಾರಾದರೂ ಬಂದು ನಿಂತು ಪೀಠಿಕೆ ಹಾಕಿದರೆ, "ನನ್ನ ಕೈಲಿ ಕೆಲಸ ಇದೆ, ನಿನ್ನ ಬಾಯಲ್ಲಿ ಏನಿದೆ ಹೇಳು" ಅನ್ನುವಳು. ಕಡ್ಡಿ ಬಾಯಿಂದ ತೆಗೆದು ಕಲ್ಲಿನ ಮೇಲೆ ಇಟ್ಟಳು ಅಂದರೆ ಮಾತ್ರ ಎದುರಿಗಿದ್ದವರು ಹುಷಾರಾಗಬೇಕು. ನಾನು ಅದನ್ನು ಎರಡೇ ಸಲ ನೋಡಿದ್ದು.

ಅವಳಿಗೆ ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ. ಗಂಡ ಸತ್ತ ಹೆಂಗಸು ಹಿತ್ತಲ ಕಡೆ ಇರಬೇಕು, ಬೆಳಿಗ್ಗೆ ಹೊರಟವರ ಕಣ್ಣಿಗೆ ಬೀಳಬಾರದು ಅನ್ನೋ ಕಾಲ ಅದು. ಇವಳು ಬೀದಿಯ ಮೂಗಿನ ತುದಿಯಲ್ಲೇ ಕೂತಿದ್ದಳು. ಯಾವ ಕಡೆ ಹೊರಟವರೂ ಅವಳನ್ನು ನೋಡದೆ ಹೋಗುವ ಹಾಗಿರಲಿಲ್ಲ. ಮುಳಬಾಗಿಲಿನಲ್ಲಿ ಅವಳ ತಮ್ಮನಿಗೆ ಅಂಗಡಿ, ದೊಡ್ಡ ಮನೆ, ತುಂಬಿದ ಸಂಸಾರ. ಬಂದಾಗಲೆಲ್ಲ ಕರೆಯುತ್ತಿದ್ದ. ಅವನದೇನೂ ಕೆಟ್ಟ ಬುದ್ಧಿಯಲ್ಲ. ಅಕ್ಕ ಬೀದಿಯಲ್ಲಿ ಕೂತಿದ್ದಾಳಲ್ಲ ಅಂತ ಅವನಿಗೆ ಅವಮಾನ, ಅಷ್ಟೆ. ಹೋಗಬಾರದಾ ಅಂತ ಒಂದು ಸಲ ನಾನು ಕೇಳಿದ್ದಕ್ಕೆ ಹೇಳಿದ ಮಾತು ಇನ್ನೂ ನೆನಪಿದೆ. "ಅಲ್ಲಿ ಹೋದರೆ ನಾನು ಹಿತ್ತಲ ಬಾಗಿಲಿನ ಹೆಂಗಸು ಕಣೇ. ಪಾತ್ರೆ ತೊಳಿ, ಮಗು ಎತ್ಕೋ, ಯಾರಾದರೂ ಬಂದರೆ ಒಳಗೆ ಸರಿ. ಇಲ್ಲಿ ಮುಂದಿನ ಬಾಗಿಲು ನನ್ನದು."

ನಾನು ರಾಯಲ್ಪಾಡಿನ ಕಡೆಯವಳು. ಹುಟ್ಟಿದ್ದು ಹೊಲದ ಮನೆಯಲ್ಲಿ, ಬಾಯಿಗೆ ಬಂದಿದ್ದು ತೆಲುಗು, ಇಸ್ಕೂಲು ಮೂರನೇ ಕ್ಲಾಸು. ಎರಡನೇ ಮಹಾಯುದ್ಧ ಶುರುವಾಗೋಕೆ ಸ್ವಲ್ಪ ಮುಂಚೆ ಈ ಬೀದಿಗೆ ಸೊಸೆಯಾಗಿ ಬಂದೆ. ಹಳ್ಳಿಯಲ್ಲಿ ಅಳಬೇಕಾದರೆ ಹೊಲಕ್ಕೆ ಹೋಗಿ ಅತ್ತು ಬರಬಹುದು. ಕೋಟೆಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿದೆ, ಇಲ್ಲಿ ಸೀನಿದರೆ ಮೂರನೇ ಮನೆಯಿಂದ ಚಿರಂಜೀವಿ ಅನ್ನುತ್ತಾರೆ. ಬಂದ ವಾರದಲ್ಲೇ ಅತ್ತೆ ನನ್ನ ಕನ್ನಡವನ್ನು ನಾಲ್ಕು ಜನರ ಮುಂದೆ ಆಡಿಕೊಂಡರು. ನಾನು ನೀರಿನ ಬಿಂದಿಗೆ ಹೊತ್ತುಕೊಂಡು ಮೂಲೆ ತಿರುಗುವಾಗ ಜಗಲಿ ಮೇಲಿಂದ, "ಏಮೇ ಪಿಲ್ಲಾ, ಏಡುಸ್ತುನ್ನಾವಾ?" ಅಂತ ಕೇಳಿಸಿತು. ಏನೇ ಹುಡುಗಿ, ಅಳುತ್ತಿದ್ದೀಯಾ ಅಂತ. ನನ್ನ ಭಾಷೆ ಆ ಊರಲ್ಲಿ ಮೊದಲು ಆಡಿದವಳು ಅವಳೇ. ಸಮಾಧಾನ ಏನೂ ಹೇಳಲಿಲ್ಲ. ಬಿಂದಿಗೆ ಇಳಿಸಿ ಎಲೆ ಒರೆಸಿಕೊಡು ಅಂದಳು. ಒರೆಸಿಕೊಟ್ಟೆ. ಅಳು ತಾನಾಗಿ ನಿಂತಿತು.

ಬೀದಿಯ ಕೊನೇ ಮನೆಯಲ್ಲಿ ಒಬ್ಬರು ವಕೀಲರಿದ್ದರು. ಕರೀ ಕೋಟು, ಛತ್ರಿ. ಕೋರ್ಟಿಗೆ ಹೊರಟಾಗ ಇವಳ ಮುಖ ಕಾಣಬಾರದು ಅಂತ ಎದುರುಗಡೆ ಗೋಡೆಗೆ ಅಂಟಿಕೊಂಡು, ಛತ್ರಿ ಬಿಚ್ಚಿ ಅಡ್ಡ ಹಿಡಿದು ದಾಟುತ್ತಿದ್ದರು. ಮೇಲೆ ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಛತ್ರಿ ಸರಿಯಾಗಿ ಜಗಲಿಯ ಎದುರು ಬರೋವರೆಗೆ ಕಾದಿದ್ದು ಅವಳು ಗಟ್ಟಿಯಾಗಿ, "ಹೋಗಿ ಬನ್ನಿ ಸ್ವಾಮಿ, ಕೆಲಸ ಆಗುತ್ತೆ" ಅನ್ನುವಳು. ಒಂದು ದಿನ ತಪ್ಪಿಸಿದವಳಲ್ಲ. ಅವರು ಕೆಲವು ಗೆದ್ದರು, ಕೆಲವು ಸೋತರು, ಎಲ್ಲ ವಕೀಲರ ಹಾಗೆ. ಗೆದ್ದು ಬಂದ ಸಂಜೆ ಮಾತ್ರ, ನನ್ನ ಮುಖ ನೋಡಿಕೊಂಡೇ ಹೋಗಿದ್ದು ಅಲ್ವಾ ಅಂತ ಬೀದಿಗೆ ಕೇಳುವ ಹಾಗೆ ನೆನಪು ಮಾಡುವಳು. ಸೋತ ದಿನದ ಮಾತು ಎತ್ತುತ್ತಿರಲಿಲ್ಲ. ಆ ಮಟ್ಟಿಗೆ ಅವಳೂ ವಕೀಲಳೇ.

ಜಗಲಿಯ ಅಂಚಿಗೆ ಒಂದು ಉದ್ದನೆಯ ಕಲ್ಲು ಹಾಸಿತ್ತು, ಮೇಲೆಲ್ಲ ಹಳೇ ಅಕ್ಷರ. ಯಾವುದೋ ಗುಡಿಯದೋ ಕೋಟೆಯದೋ. ಅವಳ ಗಂಡನ ಅಜ್ಜನ ಕಾಲದಲ್ಲಿ ಯಾರೋ ಹೊತ್ತುತಂದು ಹಾಕಿದ್ದು. ಒಮ್ಮೆ ಮೈಸೂರಿನ ಕಡೆಯಿಂದ ಕನ್ನಡಕದವರೊಬ್ಬರು ಬಂದು ಕಲ್ಲಿನ ಮೇಲೆ ಒದ್ದೆ ಕಾಗದ ಅಂಟಿಸಿ, ಮಸಿ ಬಡಿದು ಅಚ್ಚು ತೆಗೆದುಕೊಂಡರು. ಸಾವಿರ ವರ್ಷದ ಕಲ್ಲಮ್ಮಾ ಇದು ಅಂದರು. ಹಾಗಾದರೆ ಇನ್ನೂ ನಾಲ್ಕು ದಿನ ಇರುತ್ತೆ ಬಿಡಿ, ಬೇಗ ಮುಗಿಸಿ, ಎಲೆ ಹರಡಬೇಕು ಅಂದಳು ಇವಳು. ಮಸಿ ಮೆತ್ತಿದ್ದನ್ನು ಅವರ ಕೈಲೇ ತೊಳೆಸಿ ಕಳಿಸಿದಳು.

ಹೀಗಿರುವಾಗ ಬೀದಿ ಅಗಲ ಮಾಡುವ ಹುಕುಂ ಬಂತು. ಯಾವ ಆಫೀಸು, ಯಾರ ಹುಕುಂ ಅಂತೆಲ್ಲ ಈಗ ಬೇಡ. ಕೋಟೆಯೊಳಕ್ಕೆ ಮೋಟಾರು ಬರಬೇಕಂತೆ, ಬೀದಿ ಸಾಲದಂತೆ. ಯುಗಾದಿಗೆ ವಾರ ಇದೆ ಅನ್ನುವಾಗ ಒಬ್ಬ ಓವರ್‌ಸೀರು ಸರಪಳಿ ಹಿಡಿಸಿಕೊಂಡು ಬಂದ. ಅಳೆದು ಅಳೆದು ಪ್ರತಿ ಮನೆಯ ಜಗಲಿಯ ಮೇಲೂ ಉದ್ದಕ್ಕೆ ಒಂದು ಕೆಮ್ಮಣ್ಣಿನ ಗೆರೆ ಎಳೆಸಿದ. ಗೆರೆಯಿಂದ ಬೀದಿ ಕಡೆ ಇರೋದೆಲ್ಲ ಕೀಳಬೇಕು. ನಮ್ಮದು ಮುಕ್ಕಾಲು ಹೋಗುತ್ತಿತ್ತು. ಮೂಲೆಮನೆಯಲ್ಲಿ ಗೆರೆ ಬಾಗಿಲಿನ ಹೊಸ್ತಿಲಿಗೇ ಬಂದು ತಾಗಿತ್ತು. ಜಗಲಿ ಅನ್ನೋದೇ ಉಳಿಯುತ್ತಿರಲಿಲ್ಲ.

ಗಂಡಸರು ಸಂಜೆ ಸೇರಿ ಮಾತಾಡಿದರು. ಸರ್ಕಾರದ ಕೆಲಸ, ಏನು ಮಾಡಕ್ಕಾಗುತ್ತೆ ಅನ್ನುವುದರಿಂದ ಶುರುವಾಗಿ ಅಲ್ಲಿಗೇ ಮುಗಿಯಿತು. ವಕೀಲರು ಅರ್ಜಿ ಬರೆಯೋಣ ಅಂದರು, ಬರೆಯಲಿಲ್ಲ. ಅವರ ಮನೆಗೆ ಜಗಲಿಯೇ ಇರಲಿಲ್ಲ. ನಮ್ಮ ಮಾವ ಒಂದು ಉಪಾಯ ಹೇಳಿದರು. ನಿನ್ನ ಕಲ್ಲು ಸಾವಿರ ವರ್ಷದ್ದು ಅಂತ ಆ ಕನ್ನಡಕದವರಿಗೆ ಕಾಗದ ಹಾಕಿಸು, ಸರ್ಕಾರವೇ ಕಾಪಾಡುತ್ತೆ ಅಂತ. ಅಕ್ಕಯ್ಯ ಕಡ್ಡಿ ತೆಗೆಯದೇ ಉತ್ತರ ಕೊಟ್ಟಳು. "ಕಲ್ಲು ಕಾಪಾಡ್ತಾರೆ, ಸರಿ. ಎತ್ಕೊಂಡು ಹೋಗಿ ಬೆಂಗಳೂರಲ್ಲಿ ನಿಲ್ಲಿಸ್ತಾರೆ. ನಾನೆಲ್ಲಿ ಕೂತ್ಕೊಳ್ಳಲಿ?" ಕೋಲಾರದ ಹಳೇ ಕಲ್ಲುಗಳ ವಿಚಾರದಲ್ಲಿ ನಾನು ಕೇಳಿದ ಒಂದೇ ಒಂದು ಬುದ್ಧಿವಂತಿಕೆಯ ಮಾತು ಅದು.

ಸುದ್ದಿ ಮುಳಬಾಗಿಲಿಗೂ ಮುಟ್ಟಿ ತಮ್ಮ ಗಾಡಿ ಹೊಡೆಸಿಕೊಂಡೇ ಬಂದ. ಜಗಲಿ ಹೋದ ಮೇಲೆ ಈ ಕತ್ತಲಲ್ಲಿ ಕಣ್ಣು ಕಾಣದೆ ಎಲೆ ಹೇಗೆ ಹಚ್ತೀಯಕ್ಕಾ, ಈಗಲಾದರೂ ಬಾ ಅಂದ. ಹೇಳಿದ್ದು ನಿಜವೇ. ಆಗಲೇ ಅವಳ ಕಣ್ಣು ಮಸುಕಾಗುತ್ತಾ ಬಂದಿತ್ತು. ಗಾಡಿ ತಂದಿದ್ದೀಯಲ್ಲ, ಎರಡು ಕಟ್ಟು ಎಲೆ ಹಾಕಿಕೊಂಡು ಹೋಗು, ನಿಮ್ಮ ಕಡೆ ಯಾರದಾದರೂ ಮದುವೆ ಇರುತ್ತೆ ಅಂತ ತುಂಬಿ ಕಳಿಸಿದಳು. ಗಾಡಿ ಮೂಲೆ ದಾಟಿದ ಮೇಲೆ ಸುಮಾರು ಹೊತ್ತು ಒಂದು ಎಲೆಯನ್ನೂ ಹಚ್ಚಲಿಲ್ಲ. ಸುಮ್ಮನೆ ಹೊಸ್ತಿಲ ಹತ್ತಿರದ ಆ ಗೆರೆ ನೋಡುತ್ತಿದ್ದಳು. ಅವಳ ಕೈ ಖಾಲಿ ಇದ್ದದ್ದನ್ನು ಅವತ್ತೇ ನೋಡಿದ್ದು ಅಂತ ಅತ್ತೆ ಆಮೇಲೆ ಹೇಳಿದರು.

ಇನ್ನು ನನ್ನ ಪೆದ್ದುತನದ ಕತೆ. ಓವರ್‌ಸೀರು ಬಂದ ದಿನ ನಾನು ತವರಿನಲ್ಲಿದ್ದೆ. ಯುಗಾದಿಗೆ ಎರಡು ದಿನ ಮುಂಚೆ ಬಂದೆ. ಬೀದಿ ಅಗಲದ ಮಾತು ಕಿವಿಗೆ ಬಿದ್ದಿತ್ತು, ಗೆರೆಯ ಸಂಗತಿ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಜಗಲಿ ಮೇಲೆ ಒಂದೇ ಒಂದು ಕೆಮ್ಮಣ್ಣಿನ ಗೆರೆ. ಅದೂ ಸೊಟ್ಟ. ನಮ್ಮ ಕಡೆ ಹಬ್ಬಕ್ಕೆ ಜಗಲಿ ಸಾರಿಸಿ ಕೆಂಪು ಪಟ್ಟೆ, ಬಿಳೀ ಪಟ್ಟೆ ಎಳೆಯೋದು ವಾಡಿಕೆ. ಅತ್ತೆ ಶುರು ಮಾಡಿ ಸೊಂಟ ನೋವು ಅಂತ ಬಿಟ್ಟಿದ್ದಾರೆ, ನಾನು ತವರಿನಿಂದ ತಡವಾಗಿ ಬಂದಿದ್ದಕ್ಕೆ ಕುಟುಕುತ್ತಾರೆ ಅಂದುಕೊಂಡೆ. ಸಗಣಿ ಕಲಸಿ ಆ ಸೊಟ್ಟ ಗೆರೆಯ ಮೇಲೇ ಸಾರಿಸಿದೆ. ಒಣಗಿದ ಮೇಲೆ ಈ ತುದಿಯಿಂದ ಆ ತುದಿಗೆ ಕೆಮ್ಮಣ್ಣು, ಸುಣ್ಣ, ಕೆಮ್ಮಣ್ಣು, ಸುಣ್ಣ, ನೆಟ್ಟಗೆ ಏಳು ಪಟ್ಟೆ ಎಳೆದು ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತೆ. ಹೊಗಳುತ್ತಾರೆ ಅಂತ.

ಮಾವ ಬಾಗಿಲಿಗೆ ಬಂದವರು ತಲೆ ಮೇಲೆ ಕೈ ಇಟ್ಟುಕೊಂಡರು. ಸರ್ಕಾರದ ಗುರುತು ಅಳಿಸಿದ್ದೀಯಲ್ಲೇ, ಜೈಲು ಅಂದರೆ ಏನು ಗೊತ್ತಾ ಅಂದರು. ಅತ್ತೆ ರಾಯಲ್ಪಾಡನ್ನೆಲ್ಲ ಸೇರಿಸಿ ಬೈದರು. ನಾನು ಮಡಕೆ ಚೂರಲ್ಲಿ ಉಳಿದಿದ್ದ ಕೆಮ್ಮಣ್ಣು ಹಿಡಿದುಕೊಂಡೇ ಮೂಲೆಮನೆಗೆ ಓಡಿದೆ.

ಅಕ್ಕಯ್ಯ ಎಲ್ಲ ಕೇಳಿಸಿಕೊಂಡಳು. ಆಮೇಲೆ ಕಡ್ಡಿ ಉದುರೋ ಹಾಗೆ ನಕ್ಕಳು. ನಾನು ಅಳುತ್ತಾ ನಿಂತಿದ್ದೆ, ಅವಳು ನಗುತ್ತಾ ಕೂತಿದ್ದಳು. ಗೆರೆ ಯಾವುದು ಅಂತ ನಿನಗೆ ಈಗ ಗೊತ್ತಾಗುತ್ತಾ ಅಂತ ಕೇಳಿದಳು. ಇಲ್ಲ ಅಂದೆ. ನಿಮ್ಮತ್ತೆಗೆ? ಅವರಿಗೂ ಇಲ್ಲ. ಕೈ ಚಾಚಿ, "ಉಳಿದಿರೋ ಕೆಮ್ಮಣ್ಣು ಇಲ್ಲಿ ಕೊಡು ಪಿಲ್ಲಾ" ಅಂದಳು.

ಅವಳು ಯಾರ ಮನೆಗೂ ಹೋಗಿ ಹೀಗೆ ಮಾಡಿ ಅನ್ನಲಿಲ್ಲ. ನೀರಿಗೆ ಹೋಗುವ ಹೆಂಗಸರು ದಿನಾ ಅವಳ ಮುಂದೆಯೇ ಹೋಗಬೇಕಲ್ಲ. ಒಬ್ಬೊಬ್ಬರನ್ನೂ ನಿಲ್ಲಿಸಿ, ಹಬ್ಬ ಬಂತು, ನಿಮ್ಮ ಮನೆ ಪಟ್ಟೆ ಇನ್ನೂ ಆಗಿಲ್ವಾ ಅಂತ ಕೇಳಿದಳು, ಅಷ್ಟೇ. ಕೋಟೆಯ ಹೆಂಗಸರಿಗೆ ಅದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ಯುಗಾದಿ ದಿನ ಬೆಳಿಗ್ಗೆ ಬೀದಿಗೆ ಬೀದಿಯೇ ಕೆಂಪು ಬಿಳಿ. ಐದು ವರ್ಷದಿಂದ ಸುಣ್ಣ ಕಾಣದ ಮನೆಯ ಜಗಲಿಗೂ ಪಟ್ಟೆ. ನಮ್ಮತ್ತೆ, ಬೈದ ಅದೇ ಅತ್ತೆ, ನಮ್ಮ ಮನೆಯದು ಪಕ್ಕದ ಮನೆಗಿಂತ ಎರಡು ಕಮ್ಮಿ ಇದೆ ಅಂತ ತಾವೇ ಇನ್ನೆರಡು ಎಳೆದರು.

ಹಬ್ಬ ಕಳೆದು ಓವರ್‌ಸೀರು ಹಾರೆ ಪಿಕಾಸಿಯವರನ್ನು ಕರೆದುಕೊಂಡು ಬಂದ. ಬೀದಿಯ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದ. ಬಗ್ಗಿ ನೋಡಿದ, ಕೂತು ನೋಡಿದ. ಕೊನೆಗೆ ಮೂಲೆಮನೆ ಮುಂದೆ ಬಂದು ಸರ್ಕಾರದ ಗೆರೆ ಅಳಿಸಿದ್ದು ಯಾರು ಅಂತ ಗದರಿಸಿದ.

"ಅಳಿಸೋದ್ಯಾಕೆ ಸ್ವಾಮಿ, ಅಲ್ಲೇ ಎಲ್ಲೋ ಇರುತ್ತೆ. ಹುಡುಕ್ಕೊಳ್ಳಿ. ನನ್ನ ಕೈಲಿ ಕೆಲಸ ಇದೆ."

ಅವನು ಸುತ್ತ ನಿಂತಿದ್ದ ನಮ್ಮನ್ನೆಲ್ಲ ಒಂದು ಸುತ್ತು ನೋಡಿದ. ನಾನು ಅತ್ತೆಯ ಬೆನ್ನ ಹಿಂದೆ ಸೇರಿಕೊಂಡೆ. ಹೆಂಗಸರ ಕಿತಾಪತಿ ಎಲ್ಲ ಗೊತ್ತು ಅಂತ ಶುರು ಮಾಡಿ ಅವಳ ಕಡೆ ಕೈ ತೋರಿಸಿ, "ಇಡೀ ಬೀದಿಗೆ ನಿನ್ನ ಜಗಲಿಯೇ ಅಡ್ಡ ಕಣಮ್ಮಾ. ಬೀದಿ ಜಾಗ ತಿಂದು ಕೂತಿದ್ದೀಯ" ಅಂದ.

ಆಗ ತೆಗೆದಳು ಕಡ್ಡಿ. ಒಂದೊಂದಾಗಿ ಕಲ್ಲಿನ ಮೇಲೆ ಜೋಡಿಸಿಟ್ಟಳು.

"ಈ ಜಗಲಿ ಮೇಲೆ ನಮ್ಮತ್ತೆ ಕೂತಿದ್ದಳು, ಅವಳ ಅತ್ತೆ ಕೂತಿದ್ದಳು. ನಿಮ್ಮ ಮೋಟಾರು ನಿನ್ನೆ ಬಂದಿದ್ದು. ಅದು ಅಗಲ ಆದರೆ ಅದನ್ನ ಕುಯ್ದುಕೊಳ್ಳಿ."

ಹಾರೆ ಹಿಡಿದಿದ್ದವರಲ್ಲಿ ಒಬ್ಬ ನಕ್ಕುಬಿಟ್ಟ. ಓವರ್‌ಸೀರು ಅವನಿಗೆ ಬೈದು ಎಲ್ಲರನ್ನೂ ಕರೆದುಕೊಂಡು ಹೋದ.

ಗೆದ್ದೆವು ಅಂದುಕೊಳ್ಳಬೇಡಿ. ಹದಿನೈದು ದಿನಕ್ಕೆ ಮತ್ತೆ ಬಂದ. ಮತ್ತೆ ಅಳೆದ. ಈ ಸಲ ಗೆರೆ ಎಳೆದದ್ದು ಟಾರಿನಲ್ಲಿ. ಟಾರಿನ ಮೇಲೆ ಸಗಣಿ ನಿಲ್ಲುವುದಿಲ್ಲ, ಸುಣ್ಣ ಹತ್ತುವುದಿಲ್ಲ. ನಾವೂ ನೋಡಿದೆವು. ವೈಶಾಖದ ಬಿಸಿಲಲ್ಲಿ ಆ ತುದಿಯಿಂದ ಒಡೆಯುತ್ತಾ ಬಂದರು. ಒಬ್ಬರಾದ ಮೇಲೆ ಒಬ್ಬರು ಸುಮ್ಮನಾದರು. ಕೆಲವರು ಕಲ್ಲಾದರೂ ಉಳಿಯಲಿ ಅಂತ ತಾವೇ ಕಿತ್ತು ಒಳಗಿಟ್ಟುಕೊಂಡರು. ನಮ್ಮ ಮಾವನೂ ಹಾಗೇ ಮಾಡಿದರು. ಉಳಿದ ಕಾಲುಪಾಲು ಜಗಲಿಯ ಮೇಲೆ ಬೆಕ್ಕು ಮಲಗಬಹುದಿತ್ತು, ಮನುಷ್ಯರು ಕೂರುವ ಹಾಗಿರಲಿಲ್ಲ.

ಮೂಲೆಮನೆಗೆ ಬರೋ ದಿನ ಬೆಳಿಗ್ಗೆ ಅವಳು ಎಂದಿನ ಹಾಗೆ ಎಲೆ ಹರಡಿಕೊಂಡು ಕೂತಳು. ಮದುವೆ ಕಾಲ, ಮಾಲೂರಿನವರಿಗೆ ಎಲೆ ಕೊಡಬೇಕಿತ್ತು. ನಾನು ಮನೆಯಲ್ಲಿ ಕೆಲಸ ಇದ್ದದ್ದು ಬಿಟ್ಟು ಹೋಗಿ ಅವಳ ಪಕ್ಕ ಕೂತೆ. ಧೈರ್ಯ ಅಂತ ಅಲ್ಲ. ನನ್ನ ಏಳು ಪಟ್ಟೆ ನನ್ನ ಕಣ್ಣೆದುರಿಗೇ ಪುಡಿಯಾಗಿತ್ತು, ಆ ಸಿಟ್ಟು. ನನ್ನ ಹಿಂದೆ ಪಕ್ಕದ ಮನೆಯವಳು ಬಂದಳು. ಹೊತ್ತೇರುವಷ್ಟರಲ್ಲಿ ಜಗಲಿ ತುಂಬ ಹೆಂಗಸರು, ಕಾಲು ಚಾಚೋಕೆ ಜಾಗ ಇಲ್ಲ. ಎಲ್ಲರ ಕೈಲೂ ಎಲೆ, ಎಲ್ಲರ ಬಾಯಲ್ಲೂ ಕಡ್ಡಿ. ಹಚ್ಚೋಕೆ ಬಾರದವರು ಒರೆಸುತ್ತಿದ್ದರು. ಓವರ್‌ಸೀರು ಎದ್ದೇಳಿ ಅಂದಾಗ ಉತ್ತರ ಕೊಟ್ಟಿದ್ದು ನಮ್ಮತ್ತೆ. ನಮ್ಮ ಜಗಲಿ ನೀವೇ ಒಡೆದಿರಲ್ಲಪ್ಪಾ, ಇನ್ನೆಲ್ಲಿ ಕೂತ್ಕೊಳ್ಳೋಣ ಅಂತ.

ಹಾರೆಯವರು ಹೆಂಗಸರ ಮಧ್ಯೆ ಹಾರೆ ಹಾಕುವುದಿಲ್ಲ ಅಂದುಬಿಟ್ಟರು. ಪೊಲೀಸರನ್ನು ತರುತ್ತೇನೆ ಅಂತ ಹೋದ ಓವರ್‌ಸೀರು ಆ ದಿನ ಬರಲಿಲ್ಲ. ಮಾರನೇ ದಿನವೂ ಕೂತೆವು. ವಾರ ಪೂರ್ತಿ ಕೂತೆವು. ಆಮೇಲೆ ಮಳೆ ಹಿಡಿಯಿತು, ಕೆಲಸ ನಿಲ್ಲಿಸಿದರು. ಮಳೆಗಾಲ ಮುಗಿಯುವುದರೊಳಗೆ ಎಲ್ಲೋ ಯುದ್ಧ ಶುರುವಾಯಿತಂತೆ, ಬೀದಿ ಅಗಲಕ್ಕೆ ಕೊಡೋಕೆ ಸರ್ಕಾರದ ಹತ್ತಿರ ಏನೂ ಉಳಿದಿರಲಿಲ್ಲ. ಯುದ್ಧ ಬರದಿದ್ದರೆ ಏನಾಗುತ್ತಿತ್ತು ಅಂತ ಕೇಳಬೇಡಿ. ಬಹುಶಃ ಜಗಲಿ ಹೋಗುತ್ತಿತ್ತು. ಆದರೆ ಯುದ್ಧ ಬರೋವರೆಗೆ ಅದನ್ನು ಹಿಡಿದಿಟ್ಟುಕೊಂಡಿದ್ದು ನಾವು.

ಹೀಗೆ ನಮ್ಮ ಬೀದಿ ಅಗಲವಾಗಿ ಬಂದು ಅವಳ ಮನೆ ಹತ್ತಿರ ಗಂಟಲು ಹಿಸುಕಿದ ಹಾಗೆ ಆಯಿತು. ಮೋಟಾರು ಅಲ್ಲಿಯವರೆಗೆ ಬಂದು ನಿಂತು, ಹಿಂದಕ್ಕೆ ಹೋಗಬೇಕು. ಮೊದಲನೇ ಮೋಟಾರು ಹಾಗೆ ಹಿಂದಕ್ಕೆ ಹೋದ ದಿನ ಅಕ್ಕಯ್ಯ, "ಹೋಗಿ ಬನ್ನಿ ಸ್ವಾಮಿ" ಅಂದಳು. ಕೆಲಸ ಆಗುತ್ತೆ ಅನ್ನಲಿಲ್ಲ.

ಇನ್ನೂ ಎಂಟೊಂಬತ್ತು ವರ್ಷ ಕೂತಿದ್ದಳು. ಕಣ್ಣು ಪೂರ್ತಿ ಹೋದ ಮೇಲೂ ಬೆರಳಲ್ಲೇ ತಡವಿ ಹಚ್ಚುತ್ತಿದ್ದಳು. ತಮ್ಮ ಕೊನೇ ಸಲ ಬಂದು, ಕಣ್ಣೇ ಇಲ್ಲದವಳಿಗೆ ಬೆಳಕು ಯಾಕೆ, ಈಗ ಆ ನೆಪವೂ ಇಲ್ಲವಲ್ಲಕ್ಕಾ ಅಂದ. ಅವತ್ತು ಎರಡನೇ ಸಲ ಕಡ್ಡಿ ತೆಗೆದಿಟ್ಟಳು. ಬೈಯಲಿಲ್ಲ. "ನನಗೆ ಕಾಣದಿದ್ದರೇನು, ನಾನು ಕಾಣ್ತೀನಲ್ಲ" ಅಂದಳು. ಮತ್ತೆ ಕಡ್ಡಿ ಬಾಯಿಗಿಟ್ಟುಕೊಂಡಳು.

ಸ್ವಾತಂತ್ರ್ಯ ಬಂದ ಮುಂದಿನ ವರ್ಷ ಹೋದಳು. ಜ್ವರ, ಮೂರು ದಿನ. ಮುಳಬಾಗಿಲಿನಿಂದ ತಮ್ಮ ನಾಲ್ಕಾರು ಜನರ ಜೊತೆ ಬಂದ. ಬಿದಿರು ತಂದು ಹಿತ್ತಲಿನಲ್ಲಿ ಚಟ್ಟ ಕಟ್ಟಲು ಹೊರಟರು. ಮುಂದಿನ ಬೀದಿ ಇಕ್ಕಟ್ಟು, ಈ ಜಗಲಿ ಇರುವವರೆಗೆ ಮೂಲೆಯಲ್ಲಿ ಚಟ್ಟ ತಿರುಗುವುದಿಲ್ಲ, ಹಿತ್ತಲ ಬಾಗಿಲಿಂದ ಎತ್ತಿದರೆ ಸ್ಮಶಾನಕ್ಕೆ ದಾರಿ ನೇರ ಅಂದ ತಮ್ಮ. ಗಂಡಸರೆಲ್ಲ ತಲೆ ಆಡಿಸಿದರು. ಲೆಕ್ಕ ಸರಿಯಾಗಿಯೇ ಇತ್ತು.

ನಾನು ಒಳಗೆ ಹೋಗಿ ಹಿತ್ತಲ ಬಾಗಿಲಿಗೆ ಅಗುಳಿ ಹಾಕಿ, ಅದಕ್ಕೇ ಬೆನ್ನು ಕೊಟ್ಟು ಕೂತೆ. ಅಷ್ಟು ಹೊತ್ತಿಗೆ ನನಗೆ ಎರಡು ಮಕ್ಕಳು, ಕನ್ನಡ ಬಾಯಿಗೆ ಚೆನ್ನಾಗಿ ಕೂತಿತ್ತು. ಆದರೂ ಗಂಡಸರ ಮುಂದೆ ಬಾಯಿ ಬಿಟ್ಟಿದ್ದು ಅದೇ ಮೊದಲು.

"ಮುಂದಿನ ಬಾಗಿಲಿಂದ" ಅಂದೆ.

ತಮ್ಮ ಸಿಟ್ಟಾದ. ನಮ್ಮೆಜಮಾನರು ಬಾಗಿಲ ಸಂದಿಯಿಂದ ಕಣ್ಣು ಕೆಂಪು ಮಾಡಿದರು. ಅತ್ತೆ ಮಾತ್ರ ಬಂದು ನನ್ನ ಪಕ್ಕ ಕೂತರು, ಸೊಂಟ ನೋವು ಅಂತ ಗೊಣಗಿಕೊಂಡೇ. ಆಮೇಲೆ ಹಿತ್ತಲಿಂದ ಬಿದಿರು ಎತ್ತುವ ಸದ್ದು ಕೇಳಿಸಿತು.

ಚಟ್ಟವನ್ನು ಜಗಲಿಯ ಮೇಲೇ ಕಟ್ಟಿದರು. ಬೇರೆ ಜಾಗ ಇರಲಿಲ್ಲ. ಎತ್ತುವಾಗ ಇಬ್ಬರು ಬೀದಿಯಲ್ಲಿ ನಿಂತರು, ಇಬ್ಬರು ಜಗಲಿ ಮೇಲೆ. ಮೇಲಿದ್ದವರು ಅವಳು ಓರೆಯಾಗಬಾರದು ಅಂತ ಮಂಡಿ ಬಗ್ಗಿಸಿಕೊಂಡು, ಆ ಹಳೇ ಅಕ್ಷರದ ಕಲ್ಲಿನ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಮೂಲೆ ತಿರುಗಿಸಿದರು. ಚಟ್ಟ ತಿರುಗಿತು.

ಬೆಳಿಗ್ಗೆ ಕೋರ್ಟಿನ ಹೊತ್ತು. ವಕೀಲರು ಕರೀ ಕೋಟಿನಲ್ಲಿ ಎದುರಿಗೆ ಬಂದುಬಿಟ್ಟರು. ಸರಿಯೋಕೆ ಆ ಕಡೆ ಅನ್ನೋದೇ ಇರಲಿಲ್ಲ. ಬೀದಿಯನ್ನೆಲ್ಲ ಅವಳೇ ತುಂಬಿದ್ದಳು. ಗೋಡೆಗೆ ಬೆನ್ನು ಹಚ್ಚಿ ನಿಂತರು, ಛತ್ರಿ ಬಿಚ್ಚೋಕೂ ಆಗಲಿಲ್ಲ. ಅವಳ ಮುಖ ಅವರ ಮುಖದ ಮುಂದೆ ಒಂದು ಗೇಣಿನಲ್ಲಿ ದಾಟಿತು.

ನಾನು ಜಗಲಿಯ ಮೇಲೆ, ಅವಳು ಕೂರುತ್ತಿದ್ದ ಜಾಗದಲ್ಲೇ ನಿಂತಿದ್ದೆ. ಹೇಳಬೇಕಾದವಳು ಇರಲಿಲ್ಲ. ನಾನೇ ಹೇಳಿದೆ.

"ಹೋಗಿ ಬನ್ನಿ ಸ್ವಾಮಿ, ಕೆಲಸ ಆಗುತ್ತೆ."